ಮೊಗಿಲಿ ಘಾಟು ನೋಡಲು ಹೋದದ್ದು

ಮದುವೆಯಾದಾಗಿನಿಂದ ಹೆಂಡತಿಯನ್ನು ಕುರುಡುಮಲೆ ಗಣಪತಿಯ ಗುಡಿಯಿಂದಾಚೆ ಎಲ್ಲಿಗೂ ಕರೆದುಕೊಂಡು ಹೋಗದಿದ್ದ ಗಂಗುಲಪ್ಪ, ಒಂದು ಮಧ್ಯಾಹ್ನ ಊಟಕ್ಕೆ ಕೂತವನು, ತಟ್ಟೆಯಿಂದ ತಲೆಯೆತ್ತದೆ, "ನಾಳಿದ್ದು ಮೊಗಿಲಿ ಘಾಟು ನೋಡ್ಕೊಂಡು ಬರೋಣ," ಅಂದ.

ಆದಿಲಕ್ಷ್ಮಿಗೆ ತನಗೇ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು. "ಏನು ನೋಡ್ಕೊಂಡು?"

"ಘಾಟು ಕಣೇ. ಪಲಮನೇರು ದಾಟಿದ ಮೇಲೆ ರಸ್ತೆ ಕೆಳಗಿಳೀತದಲ್ಲ, ಅದು. ಬೆಟ್ಟ, ಕಾಡು, ಎಲ್ಲಾ ಚೆನ್ನಾಗಿರ್ತದೆ. ಬೆಳಿಗ್ಗೆ ಚಿತ್ತೂರು ಬಸ್ಸಲ್ಲಿ ಹೋದ್ರೆ ಸಾಯಂಕಾಲಕ್ಕೆ ಮನೆ."

ಇಷ್ಟು ಹೇಳಿ ಕೈತೊಳೆಯಲು ಎದ್ದುಹೋದ. ಅವನ ಮುಖದಲ್ಲಿ ಊರು ನೋಡುವ ಉಮೇದು ಏನೇನೂ ಇರಲಿಲ್ಲ.

ಗಂಗುಲಪ್ಪನದು ಮುಳಬಾಗಿಲು ಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ. ಮಾತು ಕಡಿಮೆ, ಕೆಲಸ ಜಾಸ್ತಿ ಅನ್ನುವಂಥ ಮನುಷ್ಯ. ಮರದ ಮೇಲಿನ ಕಾಯಿ ನೋಡಿಯೇ ಬೆಲೆ ಕಟ್ಟುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಮರ ಗುತ್ತಿಗೆ ಹಿಡಿಯಲು ಆಂಧ್ರದ ಸೀಮೆ ಕಡೆಗೆ ಹೋಗಿಬರುವುದು ಅವನಿಗೆ ಪ್ರತಿ ವರ್ಷದ ರೂಢಿ. ಆದರೆ ಆ ವರ್ಷ, ಅಂದರೆ ಯುದ್ಧ ನಡೆಯುತ್ತಿದ್ದ ನಲವತ್ತಮೂರರಲ್ಲಿ, ಸಂಕ್ರಾಂತಿಗೂ ಮುಂಚಿನಿಂದಲೇ ಅವನು ಪಲಮನೇರಿಗೆ ಓಡಾಡತೊಡಗಿದ್ದ. ಹೋದಷ್ಟು ಸಲವೂ ಬರಿಗೈಲಿ ಬರುತ್ತಿದ್ದ. ಒಂದು ಮರವನ್ನೂ ಗೊತ್ತುಮಾಡಿದ ಸುದ್ದಿ ಇರಲಿಲ್ಲ.

ಪಕ್ಕದ ಮನೆಯ ಶಾಮಲಮ್ಮನಿಗೆ ಇದೆಲ್ಲ ಆದಿಲಕ್ಷ್ಮಿಗಿಂತ ಮೊದಲೇ ಗೊತ್ತಿತ್ತು. ಬಾವಿಕಟ್ಟೆಯ ಹತ್ತಿರ ಅವಳು ಕೊಡ ಕೆಳಗಿಟ್ಟು, ಧ್ವನಿ ಇಳಿಸಿ ಹೇಳಿದಳು: "ನಾನು ಹೇಳ್ದೆ ಅಂತ ಹೇಳ್ಬೇಡ ಕಣೇ. ನಮ್ಮನೆಯವ್ರು ಬುಧವಾರ ನಿನ್ ಗಂಡನ್ನ ಬಟ್ಟೆ ಅಂಗಡೀಲಿ ನೋಡಿದ್ರಂತೆ. ಕೆಂಪು ಚೌಕಳಿ ಸೀರೆ ತಗೊಂಡ್ರಂತೆ. ನಿನಗೆ ಕೊಟ್ರಾ?"

ಕೊಟ್ಟಿರಲಿಲ್ಲ. ಆದಿಲಕ್ಷ್ಮಿ ಹಗ್ಗ ಎಳೆದಳು.

"ಈಗ ಇದ್ದಕ್ಕಿದ್ದಂಗೆ ಘಾಟು ತೋರಿಸ್ತೀನಿ ಅಂತಾರಲ್ಲ. ಹೆಂಡ್ತೀನ ದೇವಸ್ಥಾನಕ್ಕೆ ಕರ್ಕೊಂಡು ಹೋಗೋರನ್ನ ನೋಡಿದ್ದೀನಿ, ನೆಂಟರ ಮನೆಗೆ ಕರ್ಕೊಂಡು ಹೋಗೋರನ್ನ ನೋಡಿದ್ದೀನಿ. ಯಾರೂ ಇಲ್ಲದ ಬೆಟ್ಟದ ತುದಿಗೆ ಕರ್ಕೊಂಡು ಹೋಗೋರನ್ನ ನಾನಂತೂ ನೋಡಿಲ್ಲಮ್ಮ. ಹುಷಾರಾಗಿರು."

ಆದಿಲಕ್ಷ್ಮಿಗೆ ಮಕ್ಕಳಾಗಿರಲಿಲ್ಲ. ಪುಂಗನೂರು ಕಡೆ ಒಂದು ಹುಡುಗಿ ಇದೆ, ಮೈಕೈ ತುಂಬಿಕೊಂಡಿದ್ದಾಳೆ, ಮನೆತನವೂ ಒಳ್ಳೆಯದು ಎಂದು ಅತ್ತೆ ಅವಳ ಎದುರಿಗೇ ಎಷ್ಟು ಸಲ ಮಗನಿಗೆ ಹೇಳಿದ್ದಳೋ. ಗಂಗುಲಪ್ಪ ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಲೂ ಇರಲಿಲ್ಲ. ಆ ಮೌನಕ್ಕೆ ಇಷ್ಟು ದಿನ ಅವಳು ತನಗೆ ಬೇಕಾದ ಅರ್ಥ ಹಚ್ಚಿಕೊಂಡು ಸಮಾಧಾನವಾಗಿದ್ದಳು. ಈಗ ಅದೇ ಮೌನ ಬೇರೆ ಥರ ಕಾಣತೊಡಗಿತು.

ಅದರ ಜೊತೆಗೆ ಇನ್ನೊಂದು ನೋವೂ ಇತ್ತು. ಅವಳ ತಮ್ಮ ಕದಿರೇಶ ಕೋಲಾರದಲ್ಲಿ ಓದುತ್ತಿದ್ದವನು. ಹಿಂದಿನ ಆಗಸ್ಟಿನಲ್ಲಿ ದೇಶವೆಲ್ಲ ಹೊತ್ತಿಕೊಂಡಾಗ, ತಮ್ಮೂರು ಟೇಕಲ್ಲಿನ ಹತ್ತಿರ ರೈಲು ಹಳಿಯ ಪಕ್ಕದ ತಂತಿ ಕಡಿದ ಹುಡುಗರಲ್ಲಿ ಅವನೂ ಒಬ್ಬ. ಉಳಿದವರು ಸಿಕ್ಕಿಬಿದ್ದರು, ಅವನು ಸಿಗಲಿಲ್ಲ. ತಾಯಿ ಮುನಿಯಲ್ಲಮ್ಮ ಟೇಕಲ್ಲಿನಲ್ಲಿ ಅನ್ನ ನೀರು ಬಿಟ್ಟು ಕೂತಿದ್ದಳು. ಪೊಲೀಸರು ಅಕ್ಕನ ಮನೆಗೂ ಬಂದು ಅಟ್ಟ, ಕಣಜ ಎಲ್ಲ ಜಾಲಾಡಿದರು. ಅವತ್ತು ಗಂಗುಲಪ್ಪ ನಡುಬೀದಿಯಲ್ಲಿ ನಿಂತು, "ಆ ಪೋಕರಿ ನನ್ನ ಹೊಸಿಲು ತುಳಿದ್ರೆ ನಾನೇ ಹಿಡಿದು ಒಪ್ಪಿಸ್ತೀನಿ," ಎಂದು ಎಲ್ಲರಿಗೂ ಕೇಳುವಂತೆ ಕೂಗಾಡಿದ್ದ. ಆಮೇಲೆ ಅವಳು ಗಂಡನ ಮುಂದೆ ತಮ್ಮನ ಹೆಸರೆತ್ತಲೇ ಇಲ್ಲ.

ಹೊರಡುವ ದಿನ ನಸುಕಿನಲ್ಲಿ ಗಂಗುಲಪ್ಪ ಅಡಿಗೆಮನೆ ಬಾಗಿಲಿಗೆ ಬಂದು ನಿಂತ. "ರೊಟ್ಟಿ ಒಂದಷ್ಟು ಜಾಸ್ತೀನೇ ತಟ್ಟು. ಹುಚ್ಚೆಳ್ಳು ಚಟ್ನಿ ಮಾಡು."

"ನೀವು ಹುಚ್ಚೆಳ್ಳು ತಿನ್ನಲ್ಲವಲ್ಲ."

"ಮಾಡು ಅಂದೆ."

ಅವನ ಕೈಯಲ್ಲಿ ಒಂದು ದೊಡ್ಡ ಗಂಟಿತ್ತು. ಒಂದು ದಿನಕ್ಕೆ ಹೋಗಿಬರುವವರಿಗೆ ಗಂಟು ಯಾಕೆ ಎಂದು ಕೇಳಬೇಕೆಂದುಕೊಂಡು ಅವಳು ಕೇಳಲಿಲ್ಲ. ಬಚ್ಚಲಿಗೆ ಅವನು ಹೋದಾಗ ಗಂಟಿನ ಮೂಲೆ ಬಿಡಿಸಿ ನೋಡಿದಳು. ಮೇಲೆ ಕಂಬಳಿ. ಅದರ ಮಡಿಕೆಯೊಳಗೆ ಕೆಂಪು ಚೌಕಳಿ ಸೀರೆ.

ಹೋಗುವುದಿಲ್ಲ ಅನ್ನಬಹುದಿತ್ತು. ಆದರೆ ಹೋಗದಿದ್ದರೆ ಸೀರೆ ಯಾರಿಗೆ ಅನ್ನುವುದು ಗೊತ್ತಾಗುವುದು ಹೇಗೆ? ಸೆರಗಿನ ತುದಿಯಲ್ಲಿ ಈಳಿಗೆಮಣೆಯ ಪಕ್ಕದ ಸಣ್ಣ ಚೂರಿಯನ್ನು ಸುತ್ತಿಕೊಂಡು, ಅದು ತನಗೇ ನಗೆಪಾಟಲಾಗಿ ಕಂಡು ಮತ್ತೆ ಅಲ್ಲೇ ಇಟ್ಟು, ಅವಳು ಹೊರಟಳು.

ಪೆಟ್ರೋಲು ಸಿಗದ ಕಾಲ. ಚಿತ್ತೂರು ಬಸ್ಸು ಓಡುತ್ತಿದ್ದುದು ಇದ್ದಿಲಿನ ಗ್ಯಾಸಿನಿಂದ. ಬಸ್ಸಿನ ಬೆನ್ನಿಗೆ ಒಂದು ಕಬ್ಬಿಣದ ಪೀಪಾಯಿ, ಅದಕ್ಕೆ ಗಾಳಿ ಹಾಕಲು ಕೈಯಲ್ಲಿ ತಿರುಗಿಸುವ ರಾಟೆ, ಕಣ್ಣು ಉರಿಸುವ ಹೊಗೆ. ಸ್ವಲ್ಪ ಏರು ಬಂದರೂ ಗಂಡಸರೆಲ್ಲ ಇಳಿದು ತಳ್ಳಬೇಕು. ಹೆಂಗಸರ ಬೆಂಚಿನಲ್ಲಿ ಆದಿಲಕ್ಷ್ಮಿಯನ್ನು ಕೂರಿಸಿ ಗಂಗುಲಪ್ಪ ಹಿಂದೆ ಹೋದ. ಅವಳ ಬೆನ್ನಿಗೇ ಒಬ್ಬ ನಡುವಯಸ್ಸಿನ ಮನುಷ್ಯ ಕೂತಿದ್ದ. ಕರಿ ಕೋಟು, ಕೊಡೆ, ತೊಡೆಯ ಮೇಲೆ ಚರ್ಮದ ಚೀಲ. ಚೀಲವನ್ನು ಮೇಲೆ ಹಾಕುತ್ತೇನೆ ಕೊಡಿ ಎಂದು ಕ್ಲೀನರ್ ಕೈಚಾಚಿದಾಗ, "ಮುಟ್ಬೇಡಪ್ಪ," ಎಂದು ಎದೆಗವಚಿಕೊಂಡ.

ನಂಗಲಿಯಲ್ಲಿ ಮೈಸೂರು ಸೀಮೆ ಮುಗಿಯುತ್ತದೆ. ಅಕ್ಕಿ ರಾಗಿ ಗಡಿ ದಾಟದಂತೆ ಕಾಯಲು ಅಲ್ಲೊಂದು ಗೇಟು. ಪೊಲೀಸಿನವನೊಬ್ಬ ಬಸ್ಸು ಹತ್ತಿ ಎಲ್ಲರ ಗಂಟುಗಳನ್ನೂ ಕೋಲಿನಿಂದ ತಿವಿಯುತ್ತ ಬಂದ. ಗಂಗುಲಪ್ಪನ ಹತ್ತಿರ ನಿಂತು, "ಎಲ್ಲಿಗಪ್ಪ?" ಅಂದ.

"ಚಿತ್ತೂರಿಗೆ ಸ್ವಾಮಿ. ಹೆಂಡ್ತಿಗೆ ಮೈಗೆ ಹುಷಾರಿಲ್ಲ, ಅಲ್ಲಿ ಡಾಕ್ಟರಿಗೆ ತೋರಿಸ್ಬೇಕು. ಚಳಿ ಜ್ವರ, ಅದಕ್ಕೇ ಕಂಬಳಿ."

ಕಲ್ಲಿನಂಥ ಮೈ ಆದಿಲಕ್ಷ್ಮಿಯದು. ಒಂದು ದಿನ ಮಲಗಿದವಳಲ್ಲ. ಇವಳಿಗೆ ಕಾಯಿಲೆ ಎಂದು ಸರ್ಕಾರದವರ ಮುಂದೆ ಇವತ್ತೇ ಹೇಳಿಡುವುದು ಯಾಕೆ? ನಾಳೆ ಏನಾದರೂ ಆದರೆ, ಹೌದು, ಬಸ್ಸಿನಲ್ಲೇ ಗಂಡ ಹೇಳುತ್ತಿದ್ದ, ಪಾಪ ಜ್ವರ ಇತ್ತಂತೆ ಎಂದು ನಾಲ್ಕು ಜನ ಅನ್ನಲಿ ಎಂದೇ? ಪೊಲೀಸಿನವನು ಅವಳ ಮುಖವನ್ನು ಒಂದು ಸಲ ನೋಡಿದ. ಅಷ್ಟು ಹೊತ್ತಿಗೆ ಅದು ನಿಜವಾಗಿಯೂ ರೋಗಿಯ ಮುಖದ ಹಾಗೆ ಬಿಳಿಚಿಕೊಂಡಿತ್ತು. ಅವನು ಮುಂದೆ ಹೋದ. ಚರ್ಮದ ಚೀಲದವನಿಗೆ ಮಾತ್ರ ಸಲಾಮು ಮಾಡಿ, ಚೀಲ ತೆಗೆಸದೆ, ನಗುತ್ತ ಇಳಿದ.

ನಂಗಲಿ ದಾಟಿದ ಏರಿನಲ್ಲಿ ಬಸ್ಸು ಮುಕ್ಕರಿಸಿ ನಿಂತಿತು. ಗಂಡಸರು ಇಳಿದರು. ಗಂಗುಲಪ್ಪನೂ ಇಳಿದು ಭುಜ ಕೊಟ್ಟ. ಕೋಟಿನವನು ಮೊಣಕಾಲು ನೋವು ಎಂದು ಕೂತೇ ಇದ್ದ. ಆಮೇಲೆ ಮುಂದಕ್ಕೆ ಬಾಗಿ, ಮೆಲ್ಲಗೆ, "ಜ್ವರ ಎಷ್ಟು ದಿನದಿಂದ ಅಮ್ಮಯ್ಯ?" ಅಂದ.

ಆ ಧ್ವನಿಯಲ್ಲಿ ಏನೋ ಒಂದು ಅಕ್ಕರೆ ಇತ್ತು. ಆದಿಲಕ್ಷ್ಮಿ ಹಿಂದಕ್ಕೆ ತಿರುಗಿದಳು. "ಜ್ವರ ಇಲ್ಲ ಅಣ್ಣ. ನಾವು ಚಿತ್ತೂರಿಗೂ ಹೋಗ್ತಿಲ್ಲ. ಘಾಟು ನೋಡೋಕೆ ಅಂತ ಕರ್ಕೊಂಡು ಹೋಗ್ತಿದ್ದಾರೆ. ಮೇಲಿನ ತಿರುವಲ್ಲಿ ಇಳೀತೀವಂತೆ."

"ಯಾರಿದ್ದಾರೆ ಅಲ್ಲಿ?"

"ಯಾರೂ ಇಲ್ಲ. ನನಗೆ ಭಯ ಆಗ್ತದೆ. ನಾನು ಕೂಗಿಕೊಂಡ್ರೆ ಕೇಳೋರು ಯಾರೂ ಇಲ್ಲ."

ಚೀಲದ ಮೇಲಿನ ಅವನ ಬೆರಳುಗಳು ಬಿಗಿಯಾದವು. "ನಿನ್ನ ಗಂಡನ ಹೆಸರೇನು? ಊರು ಯಾವುದು? ಏನು ಮಾಡ್ತಾನೆ?" ಎಂದು ಒಂದೊಂದೇ ಕೇಳಿದ. ಅವಳು ಎಲ್ಲ ಹೇಳಿದಳು. "ಸರಿ. ನಾನೂ ಅಲ್ಲೇ ಇಳೀತೀನಿ. ಏನೂ ತಿಳಿಯದೋಳ ಥರ ಇರು," ಅಂದ. ಅವಳಿಗೆ ಹೋದ ಉಸಿರು ಬಂದಂತಾಯಿತು.

ಪಲಮನೇರಿನಲ್ಲಿ ಬೂದಿ ಕೆರೆದು ಇದ್ದಿಲು ತುಂಬಲು ಬಸ್ಸು ನಿಂತಾಗ ಗಂಗುಲಪ್ಪ ಇಳಿದುಹೋಗಿ ಕಾಗದದ ಪೊಟ್ಟಣದಲ್ಲಿ ಬ್ರೆಡ್ಡು ತಂದ. ಆ ದಿನಗಳಲ್ಲಿ ಬ್ರೆಡ್ಡು ತಿನ್ನುತ್ತಿದ್ದವರು ದೊರೆಗಳು, ಇಲ್ಲ ರೋಗಿಗಳು. ನನ್ನ ಕಾಯಿಲೆಗೆ ಸಾಕ್ಷಿ ಕೂಡಿಹಾಕುತ್ತಿದ್ದಾನೆ ಎಂದುಕೊಂಡಳು ಆದಿಲಕ್ಷ್ಮಿ.

ಘಾಟಿನ ತಲೆಗೆ ಬಂದಾಗ ಬಿಸಿಲು ಚೆನ್ನಾಗಿ ಏರಿತ್ತು. ಗಂಗುಲಪ್ಪ ಬಸ್ಸು ನಿಲ್ಲಿಸಿದ. ಗಂಡ ಹೆಂಡತಿ ಇಳಿದರು. ಅವರ ಹಿಂದೆಯೇ ಕೋಟಿನವನು, ಮೊಣಕಾಲು ನೋವಿನ ಸುಳಿವೇ ಇಲ್ಲದೆ, ಚೀಲ ಹಿಡಿದುಕೊಂಡು ಇಳಿದ. ಬಸ್ಸು ಹೊಗೆಯುಗುಳುತ್ತ ತಿರುವಿನಲ್ಲಿ ಇಳಿದು ಮರೆಯಾಯಿತು. ಆಮೇಲೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಬೋಳು ಬಂಡೆ, ಕೆರೆ ಏರಿ, ರಾಗಿ ಹೊಲ ಇಷ್ಟನ್ನೇ ನೋಡಿ ಬೆಳೆದವಳು ಆದಿಲಕ್ಷ್ಮಿ. ರಸ್ತೆಯ ಅಂಚಿನ ಕಲ್ಲಿನ ಮೋಟುಗೋಡೆಯ ಹತ್ತಿರ ಬಂದು ನೋಡಿದವಳಿಗೆ ಭಯವೂ ಒಂದು ಗಳಿಗೆ ಮರೆತುಹೋಯಿತು. ನೆಲ ಅಲ್ಲಿಗೇ ಮುಗಿದುಹೋಗಿತ್ತು. ಕೆಳಗೆ ಬಿದಿರಿನ ಮೆಳೆಗಳು, ಅವುಗಳ ನಡುನಡುವೆ ಎಲೆಯಿಲ್ಲದೆ ಬರೀ ಹೂವಾಗಿ ನಿಂತ ಮುತ್ತುಗದ ಮರಗಳು. ಅವರು ಬಂದ ರಸ್ತೆಯೇ ಕೆಳಗೆಲ್ಲೋ ಮತ್ತೆ ಕಾಣಿಸಿಕೊಂಡು, ಮತ್ತೆ ಅಡಗಿ, ಇನ್ನೂ ಕೆಳಗೆ ನೂಲಿನೆಳೆಯ ಹಾಗೆ ಬಿದ್ದಿತ್ತು. ಅದರಾಚೆ ಚಿತ್ತೂರಿನ ಬಯಲು, ಅಲ್ಲಲ್ಲಿ ಮಿನುಗುವ ಕೆರೆ. ಇಷ್ಟು ಚೆಂದದ ಜಾಗಕ್ಕೆ ಯಾರಾದರೂ ಕೆಟ್ಟ ಮನಸ್ಸಿನಿಂದ ಬರುತ್ತಾರೆಯೇ ಎಂದು ಒಂದು ಮನಸ್ಸು ಕೇಳಿತು. ಗೋಡೆ ಮೊಣಕಾಲೆತ್ತರವೂ ಇಲ್ಲವಲ್ಲ ಎಂದು ಇನ್ನೊಂದು ಮನಸ್ಸು ಹೇಳಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಗಂಗುಲಪ್ಪ ನೋಟದ ಕಡೆ ನೋಡುತ್ತಲೇ ಇರಲಿಲ್ಲ. ರಸ್ತೆಯಾಚೆ ಮರದ ನೆರಳಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಕೋಟಿನವನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಗೋಡೆಯ ಮೇಲೆ ಕೂತು, ಎದ್ದು, ಮತ್ತೆ ಕೂತು, ಬೇಕೆಂದೇ ಜೋರಾಗಿ, "ನೋಡಿದ್ಯಾ, ಎಷ್ಟು ಚೆನ್ನಾಗಿದೆ. ಇನ್ನೇನು, ಚಿತ್ತೂರಿಂದ ಮೇಲೆ ಬರೋ ಬಸ್ಸು ಹತ್ತಿ ಮನೆಗೆ ಹೋಗೋಣ," ಅಂದ.

ಸಾಕ್ಷಿ ಇದ್ದಾನೆಂದು ಹೆದರಿದ ಎಂದುಕೊಂಡಳು ಅವಳು. ಒಳಗೊಳಗೇ ಒಂದು ಗೆಲುವು. "ಈಗ ತಾನೇ ಬಂದ್ವಿ. ಆಗ್ಲೇ ಯಾಕೆ?"

ಅವನು ಹತ್ತಿರ ಬಂದು ಪಿಸುಗುಟ್ಟಿದ: "ಆ ಮನುಷ್ಯ ಮುಳಬಾಗಿಲಿಂದ ನಮ್ಮ ಹಿಂದೆ ಇದ್ದಾನೆ. ನಂಗಲೀಲಿ ಪೊಲೀಸಿನವನು ಅವನಿಗೆ ಸಲಾಮು ಹೊಡೆದ. ಯಾವ ಊರೂ ಇಲ್ಲದ ಕಡೆ ಯಾಕೆ ಇಳಿದ?"

"ನಾನೇ ಇಳೀರಿ ಅಂದೆ."

"ಏನಂದೆ?"

"ನಾನೇ ಅಂದೆ. ನಿಮ್ಮ ಹೆಸರು, ಊರು, ಮಂಡಿ ಎಲ್ಲಾ ಹೇಳಿದ್ದೀನಿ. ನನಗೆ ಜ್ವರ ಇಲ್ಲ ಅಂತ್ಲೂ ಹೇಳಿದ್ದೀನಿ. ಈಗ ತಳ್ಳೋದಿದ್ರೆ ತಳ್ಳಿ."

ಅವನು ರೇಗಲಿಲ್ಲ. ಗೋಡೆಯ ಮೇಲೆ ಕುಸಿದು ಕೂತ. ಅವಳ ಮುಖವನ್ನೇ ನೋಡಿದ. ಆಮೇಲೆ ತುಟಿ ಅಲ್ಲಾಡಿಸದೆ, ನೆಲ ನೋಡುತ್ತ, "ಕದಿರೇಶ ಇಲ್ಲೇ ಕೆಳಗಿದ್ದಾನೆ," ಅಂದ.

ಅವಳು ನಂಬಲಿಲ್ಲ. ಇದೂ ಒಂದು ಆಟ ಎಂದೇ ಅವಳಿಗನ್ನಿಸಿತು. "ಸುಳ್ಳು. ಅವನನ್ನ ನೀವೇ ಹಿಡಿದು ಕೊಡ್ತೀನಿ ಅಂದವ್ರು."

"ಪೊಲೀಸಿನವರ ಮುಂದೆ ಇನ್ನೇನು ಅನ್ಬೇಕಾಗಿತ್ತು? ಬೀದೀಲಿ ಹಂಗೆ ಕೂಗಿದ್ದಕ್ಕೆ ತಾನೇ ಅವರು ಮತ್ತೆ ಬರಲಿಲ್ಲ." ಅವನು ಗೋಡೆಯ ಪಕ್ಕದ ಕಾಲುದಾರಿಯ ಕಡೆ ಕಣ್ಣಲ್ಲೇ ಸನ್ನೆ ಮಾಡಿದ. "ಈ ದಾರೀಲಿ ಇಳಿದ್ರೆ ಬಿದಿರು ಮೆಳೆ ಹಿಂದೆ ಒಂದು ಆಡು ಕಾಯೋರ ಗುಡಿಸಲದೆ. ಆ ಅಜ್ಜಿ ಇಟ್ಕೊಂಡಿದ್ದಾಳೆ. ಕೇಳಿದ್ರೆ ಮೊಮ್ಮಗ ಅಂತಾಳೆ. ಸೀರೆ ಅವಳಿಗೆ. ಹುಡುಗನಿಗೆ ಮಲೇರಿಯಾ. ಒಂದು ದಿನ ಬಿಟ್ಟು ಒಂದು ದಿನ ಜ್ವರ ಬರ್ತದೆ. ಹೋದ ಸಲ ಬಂದಾಗ ಕೈ ಹಿಡ್ಕೊಂಡು, ಭಾವ, ಒಂದು ಸಲ ಅಕ್ಕನ್ನ ಕರ್ಕೊಂಡು ಬನ್ನಿ, ಹುಚ್ಚೆಳ್ಳು ಚಟ್ನಿ ಮಾಡಿಸಿ ತನ್ನಿ ಅಂದ. ಬಾಯೆಲ್ಲ ಕಹಿ ಅಂತೆ."

ಹುಚ್ಚೆಳ್ಳು ಚಟ್ನಿ ಅಂದಾಗ ಆದಿಲಕ್ಷ್ಮಿಗೆ ಸಂಶಯಪಡಲು ಏನೂ ಉಳಿಯಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಿಟ್ಟಾಗಲೆಲ್ಲ ಅವ್ವನ ಹತ್ತಿರ ಅವನು ಕೇಳುತ್ತಿದ್ದುದು ಅದನ್ನೇ.

"ನನಗೆ ಯಾಕೆ ಹೇಳಲಿಲ್ಲ?"

"ನಿನ್ನ ಮುಖದಲ್ಲಿ ಎಲ್ಲಾ ಕಾಣ್ತದೆ. ಶಾಮಲಮ್ಮ ಒಂದು ಸಲ ನೋಡಿದ್ರೆ ಸಾಕು, ಊರಿಗೆಲ್ಲ ಗೊತ್ತಾಗ್ತದೆ. ಇಲ್ಲಿ ತನಕ ಬಂದ ಮೇಲೆ ಹೇಳೋಣ ಅಂತಿದ್ದೆ."

ಕೆಳಗಿನ ಕಾಡಿನಿಂದ ಒಂದು ಆಡಿನ ಕೂಗು ಕೇಳಿಸಿತು. ತುಂಬ ದೂರವಿರಲಿಲ್ಲ. ಇಳಿದು ಓಡಿದರೆ ಉಸಿರು ಕಟ್ಟುವುದರೊಳಗೆ ತಲುಪಬಹುದಿತ್ತು. ಮರದ ಕೆಳಗೆ ಕೂತವನು ಈಗ ಎದ್ದುನಿಂತು, ಕೊಡೆಯನ್ನು ಊರುಗೋಲಿನಂತೆ ಹಿಡಿದು, ಇಬ್ಬರನ್ನೂ ನೆಟ್ಟ ನೋಟದಿಂದ ನೋಡುತ್ತಿದ್ದ. ಅವನು ಊರು, ಹೆಸರು, ಕಸುಬು ಎಂದು ಒಂದೊಂದಾಗಿ ಕೇಳಿದ ರೀತಿ ಅವಳಿಗೆ ನೆನಪಾಯಿತು. ಅಷ್ಟೊಂದು ಅಕ್ಕರೆಯಿಂದ ಮಾತಾಡಿಸಿದವನು. ಅಕ್ಕರೆಯಿಂದಲೇ ಅಲ್ಲವೇ ಅವಳ ಬಾಯಿ ಬಿಡಿಸಿದ್ದು?

ದೂರದಲ್ಲಿ, ಕೆಳಗಿನ ತಿರುವುಗಳಲ್ಲಿ, ಚಿತ್ತೂರಿನಿಂದ ಬರುವ ಬಸ್ಸು ಏದುಸಿರು ಬಿಡುತ್ತ ಹತ್ತುವ ಸದ್ದು ಕೇಳತೊಡಗಿತು.

ಆದಿಲಕ್ಷ್ಮಿ ಒಮ್ಮೆ ಕಣ್ಣುಮುಚ್ಚಿ ತೆರೆದಳು. ಗಂಟಿಗೆ ಕೈಹಾಕಿ ಕೆಂಪು ಸೀರೆಯನ್ನು ಎಳೆದು ತೆಗೆದಳು. "ಗಂಟನ್ನ ಗೋಡೆ ಆಚೆಗೆ ಬಿಡಿ. ಅವನು ನೋಡದಂಗೆ," ಎಂದು ಗಂಡನಿಗೆ ಮೆಲ್ಲಗೆ ಹೇಳಿ, ಸೀರೆಯನ್ನು ಬಿಡಿಸಿ ಹಿಡಿದು, ರಸ್ತೆಯ ನಡುವೆ ನಿಂತು ಕೂಗಾಡತೊಡಗಿದಳು.

"ನೋಡಣ್ಣ, ಇಲ್ಲಿ ನೋಡು. ಇದು ಯಾರಿಗೆ ಅಂತ ಕೇಳು ಇವ್ರನ್ನ. ಪಲಮನೇರಲ್ಲಿ ಒಬ್ಬಳನ್ನ ಇಟ್ಟಿದ್ದಾರಂತೆ. ಈಗ ಬಾಯಿ ಬಿಟ್ರು. ಇಲ್ಲಿ ನನ್ನನ್ನ ಒಪ್ಪಿಸಿ, ವಾಪಸ್ಸು ಹೋಗ್ತಾ ಅವಳ ಮನೆಗೆ ಕರ್ಕೊಂಡು ಹೋಗ್ತಾರಂತೆ, ನಾನು ಅವಳ ಜೊತೆ ಹೊಂದ್ಕೊಂಡು ಹೋಗ್ಬೇಕಂತೆ."

ಕೋಟಿನವನು ರಸ್ತೆ ದಾಟಿ ಬಂದ. "ಹೌದೇನಯ್ಯ?"

ಗಂಗುಲಪ್ಪನ ಬಾಯಿಂದ ಮಾತು ಹೊರಡಲಿಲ್ಲ. ಅದೇ ತಪ್ಪೊಪ್ಪಿಗೆಯ ಹಾಗೆ ಕಂಡಿತು.

"ಈ ಜಾಗದಲ್ಲಿ ಇನ್ನೊಂದು ಗಳಿಗೆ ಇರಬಾರ್ದು," ಎಂದು ಆದಿಲಕ್ಷ್ಮಿ ಕಣಿವೆಯ ಕಡೆಗೆ ತಿರುಗಿ, ಎದೆ ಸೀಳುವಂತೆ ಕೂಗಿದಳು. "ಯಾರೂ ಇರಬಾರ್ದು. ಈಗಿಂದೀಗ ಹೊರಡ್ಬೇಕು." ಅವಳ ಧ್ವನಿ ಎದುರಿನ ಬೆಟ್ಟಕ್ಕೆ ಬಡಿದು ಮರಳಿ ಬಂತು. ಆಡಿನ ಕೂಗು ನಿಂತಿತ್ತು. ಅಳು ಮಾತ್ರ ಅವಳು ಕಟ್ಟಿದ್ದಲ್ಲ. ತಮ್ಮನಿಗೆ ಕೇಳುವಷ್ಟು ಹತ್ತಿರ ನಿಂತು ಅವನನ್ನು ಓಡಿಸುತ್ತಿದ್ದಳು. ಕಣ್ಣೀರು ತಾನಾಗಿಯೇ ಸುರಿಯಿತು.

ಬಸ್ಸು ಬಂತು. ಅವಳು ಕೋಟಿನವನ ತೋಳು ಹಿಡಿದು, "ನೀನೂ ಬಾ ಅಣ್ಣ. ನೀನು ನನ್ನ ಒಡಹುಟ್ಟಿದವನ ಹಾಗೆ. ಅವಳ ಮನೆ ಮುಂದೆ ನನ್ನ ಜೊತೆ ನಿಂತ್ಕೋ," ಎಂದಳು. ಅವನು ಒಂದು ಸಲ ಕೂಡ ಹಿಂದುಮುಂದು ನೋಡದೆ ಹತ್ತಿದ. ಬಸ್ಸು ತಿರುವು ದಾಟುವಾಗ ಆದಿಲಕ್ಷ್ಮಿ ಗೋಡೆಯ ಕಡೆ ನೋಡಿದಳು. ಗಂಟು ಕಾಣುತ್ತಿರಲಿಲ್ಲ.

ಪಲಮನೇರಿನ ಬೀದಿಗಳಲ್ಲಿ ಅವಳು ಆ ಮಧ್ಯಾಹ್ನ ಪಟ್ಟ ಪಾಡು ಯಾರಿಗೂ ಬೇಡ. ಇಲ್ಲದ ಹೆಂಗಸಿನ ಇಲ್ಲದ ಮನೆಯನ್ನು ಹುಡುಕಬೇಕಾಗಿತ್ತು. ಗಂಗುಲಪ್ಪ ಕೊನೆಗೆ ಬೀಗ ಹಾಕಿದ ಒಂದು ಹೆಂಚಿನ ಮನೆಯನ್ನು ತೋರಿಸಿ, "ಇದೇ. ಊರಿಗೆ ಹೋಗಿರ್ಬೇಕು," ಅಂದ. ಕೋಟಿನವನು ಕಾಫಿ ಹೋಟೆಲಿನ ಮುಂದೆ, ಹತ್ತು ಜನ ನೋಡುತ್ತಿರುವಾಗ, ಅವನಿಗೆ ಬುದ್ಧಿ ಹೇಳಿದ. ಜನ್ಮದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಗಂಗುಲಪ್ಪ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿದ. ಬೀಳ್ಕೊಡುವಾಗ ಆ ಮನುಷ್ಯ, "ನಾನು ಮುಳಬಾಗಿಲಿಗೂ ಬರ್ತಿರ್ತೀನಿ. ಈಯಮ್ಮ ಹೇಗಿದ್ದಾಳೆ ಅಂತ ವಿಚಾರಿಸ್ತೀನಿ, ಗೊತ್ತಿರಲಿ," ಅಂದ. ಅದು ಇಬ್ಬರಿಗೂ ಬೆದರಿಕೆಯಾಗಿಯೇ ಕೇಳಿಸಿತು.

ಸಾಯಂಕಾಲದ ಬಸ್ಸಿಗೆ ಅವರು ಊರಿಗೆ ಬಂದರು. ಮನೆಯ ಬಾಗಿಲು ಹಾಕಿದ ಮೇಲೆ ಗಂಗುಲಪ್ಪ, "ನಾನು ನಿನ್ನ ತಳ್ತೀನಿ ಅಂತ ಅಂದ್ಕೊಂಡಿದ್ಯಾ?" ಎಂದು ಒಂದೇ ಒಂದು ಸಲ ಕೇಳಿದ. ಅವಳು ಸುಳ್ಳು ಹೇಳಲಿಲ್ಲ. ಮಲಗುವ ಹೊತ್ತಿಗೆ ಅವನೇ, "ಪುಂಗನೂರಿನ ಹುಡುಗಿ ಮಾತು ಅವ್ವ ಎತ್ತಿದಾಗ ಬೇಡ ಅನ್ಬೇಕಾಗಿತ್ತು ನಾನು. ಸುಮ್ನಿದ್ರೆ ಸಾಕು ಅಂದ್ಕೊಂಡೆ," ಅಂದ.

ಆ ಬೇಸಿಗೆಯೆಲ್ಲ ಗಂಗುಲಪ್ಪ ಪಲಮನೇರಿನ ಕಡೆ ತಲೆ ಹಾಕಲಿಲ್ಲ. ಬಾಗಿಲು ಬಡಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹುಣಸೆಹಣ್ಣಿನ ಗಾಡಿಯವನೊಬ್ಬನ ಬಾಯಿಂದ ಕೊನೆಗೆ ಸುದ್ದಿ ಬಂತು: ಘಾಟಿನ ಅಜ್ಜಿಯ ಮೊಮ್ಮಗ ಹೊರಟುಹೋದನಂತೆ, ಅವತ್ತೇ, ಮೈ ಸುಡುತ್ತಿದ್ದರೂ ಯಾರ ಮಾತೂ ಕೇಳದೆ, ಕಂಬಳಿ ಹೊದ್ದುಕೊಂಡು ಕಾಡಿನೊಳಗಿಂದ ಕೆಳಗಿಳಿದುಹೋದನಂತೆ.

ಮಳೆಗಾಲ ಶುರುವಾದ ಮೇಲೆ ಒಂದು ಸಂತೆಯ ದಿನ ಆದಿಲಕ್ಷ್ಮಿ ಸೊಪ್ಪು ಕೊಳ್ಳುತ್ತಿದ್ದಳು. ಯಾರೋ, "ಅಮ್ಮಯ್ಯ," ಅಂದರು. ತಿರುಗಿದರೆ ಅದೇ ಕರಿ ಕೋಟು. ಅರಳಿಮರದ ಕೆಳಗೆ ಬಟ್ಟೆ ಹಾಸಿ ಕೂತಿದ್ದ. ಚರ್ಮದ ಚೀಲ ಬಾಯಿ ತೆರೆದುಕೊಂಡಿತ್ತು. ಬಟ್ಟೆಯ ಮೇಲೆ ಸಾಲಾಗಿ ಕನ್ನಡಕಗಳು. ಒಬ್ಬ ಮುದುಕ ಒಂದನ್ನು ಮೂಗಿಗೇರಿಸಿ ತನ್ನ ಅಂಗೈಯ ಗೆರೆ ನೋಡಿಕೊಳ್ಳುತ್ತಿದ್ದ.

"ನೀವು ಕನ್ನಡಕ ಮಾರ್ತೀರಾ?" ಅಂದಳು.

"ಮತ್ತೇನಂದ್ಕೊಂಡಿದ್ದೆ? ಸುಬ್ಬರಾಯಪ್ಪ ಅಂದ್ರೆ ಶ್ರೀನಿವಾಸಪುರದಿಂದ ಚಿತ್ತೂರು ತನಕ ಎಲ್ಲರಿಗೂ ಗೊತ್ತು. ನಂಗಲಿ ಗೇಟಿನ ಪೊಲೀಸಿನವರ ಅಪ್ಪನಿಗೂ ನಾನೇ ಕೊಟ್ಟಿದ್ದು. ಗಾಜು ನೋಡು, ಅದಕ್ಕೇ ಚೀಲ ಬಿಟ್ಟು ಎಲ್ಲೂ ಇಳಿಯಲ್ಲ, ಬಸ್ಸೂ ತಳ್ಳಲ್ಲ, ಮೊಣಕಾಲು ನೋವು ಅಂತ ಸುಳ್ಳು ಹೇಳ್ತೀನಿ." ನಕ್ಕು, ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಚೆನ್ನಾಗಿದ್ದೀಯಾ? ಗಂಡ ಸರಿಯಾಗಿ ನೋಡ್ಕೋತಿದ್ದಾನಾ?"

"ನೋಡ್ಕೋತಾರೆ ಅಣ್ಣ. ನೀವು ಅವತ್ತು ಕೆಲಸ ಬಿಟ್ಟು ಯಾಕೆ ಇಳಿದ್ರಿ?"

ಅವನು ಮುದುಕನ ಮೂಗಿನಿಂದ ಕನ್ನಡಕ ತೆಗೆದು ಒರೆಸಿದ. "ನನ್ನ ತಂಗಿ ಒಬ್ಬಳಿದ್ದಳು. ಗಂಡ ಹೊಲ ತೋರಿಸ್ತೀನಿ ಅಂತ ಕರ್ಕೊಂಡು ಹೋದ. ಬಾವೀಲಿ ಸಿಕ್ಕಿದ್ಲು. ಕಾಲು ಜಾರಿತು ಅಂದ್ರು. ಆ ದಾರೀಲಿ ಹೋಗ್ತಿದ್ದೋರು ಯಾರಾದ್ರೂ ಒಬ್ಬರು ನಿಂತು ನೋಡಿದ್ರೆ ಸಾಕಾಗಿತ್ತು."

ಆದಿಲಕ್ಷ್ಮಿ ಸೊಪ್ಪಿನ ಕಟ್ಟು ಹಿಡಿದುಕೊಂಡು ಸಂತೆಯ ನಡುವೆ ನಿಂತೇ ಇದ್ದಳು. ಅವತ್ತು ಕೆಳಗಿಳಿದು ತಮ್ಮನನ್ನು ನೋಡಿ, ಚಟ್ನಿ ರೊಟ್ಟಿ ಕೈಯಾರೆ ತಿನ್ನಿಸಿ ಬರಬಹುದಾಗಿತ್ತು. ಈ ಸುಬ್ಬರಾಯಪ್ಪ ಗೋಡೆಯ ಮೇಲೆ ಕೂತು ಕಾಯುತ್ತಿದ್ದನೇ ಹೊರತು ಇನ್ನೇನೂ ಮಾಡುತ್ತಿರಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಗಂಗುಲಪ್ಪ, "ಕನ್ನಡಕ ಮಾರೋನು ಸ್ಟೇಷನ್ನಿಗೆ ಸುದ್ದಿ ಕೊಡಬಾರ್ದು ಅಂತೇನಿಲ್ಲವಲ್ಲ," ಅಂದ. ಹಾಗೆ ಅಂದದ್ದು ತನ್ನ ಸಮಾಧಾನಕ್ಕೋ, ಅವಳ ಸಮಾಧಾನಕ್ಕೋ, ನಿಜವಾಗಿಯೂ ಅನುಮಾನವೋ, ಅವಳು ಕೆದಕಲಿಲ್ಲ. ವಯಸ್ಸಾಗಿ ಕಣ್ಣು ಮಂಜಾದ ಮೇಲೂ ಅವನು ಸುಬ್ಬರಾಯಪ್ಪನ ಹತ್ತಿರ ಮಾತ್ರ ಕನ್ನಡಕ ಕೊಳ್ಳಲಿಲ್ಲ.

ಕದಿರೇಶ ಬಂದದ್ದು ಯುದ್ಧ ಮುಗಿದು, ಕೇಸುಗಳೆಲ್ಲ ರದ್ದಾದ ಮೇಲೆ. ಟೇಕಲ್ಲಿನಲ್ಲಿ ಅವ್ವನ ಕಾಲಿಗೆ ಬಿದ್ದು ಮಾರನೆಯ ದಿನವೇ ಮುಳಬಾಗಿಲಿಗೆ ಬಂದ. ಗಡ್ಡ ಬಿಟ್ಟು, ಕೆನ್ನೆ ಬತ್ತಿ, ಯಾರದೋ ಮನೆಯ ಯಜಮಾನನ ಹಾಗೆ ಕಾಣುತ್ತಿದ್ದ. ಮಾತಾಡಿಸಿದರೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಕೇಳುತ್ತಿದ್ದ. ಅವತ್ತು ಘಾಟಿನಿಂದ ಇಳಿದವನು ಕಾಡಿನಲ್ಲಿ ಜ್ವರ ಏರಿ ಬಿದ್ದಿದ್ದನಂತೆ, ಸೌದೆಯವರು ಹೊತ್ತುಕೊಂಡು ಹೋದರಂತೆ, ಎದ್ದಾಗ ಎಡಗಿವಿ ಹೋಗಿತ್ತಂತೆ. ಇದನ್ನೆಲ್ಲ ಊಟ ಮಾಡುತ್ತ, ಬೇರೆ ಯಾರದೋ ಕತೆಯ ಹಾಗೆ ಹೇಳಿದ.

"ಅಕ್ಕ, ನಿನ್ನ ಧ್ವನಿ ಕೇಳ್ದೆ ನಾನು. ಮೆಳೆ ಸಂದಿಯಿಂದ ನೋಡಿದ್ರೆ ಕರಿ ಕೋಟಿನವನೊಬ್ಬ ನಿಂತಿದ್ದ. ಮೊದಲು ಭಾವನೇ ಕರ್ಕೊಂಡು ಬಂದ್ರು ಅಂತ ತಿಳ್ಕೊಂಡೆ, ತಪ್ಪು ತಿಳೀಬೇಡಿ ಭಾವ. ಯಾರು ಅವನು? ಸಿ.ಐ.ಡಿ.ನಾ?"

ಗಂಗುಲಪ್ಪ ಹೆಂಡತಿಯ ಕಡೆ ನೋಡಿದ. ಏನು ಹೇಳಿದರೂ ನಡೆಯುತ್ತಿತ್ತು.

"ಕನ್ನಡಕ ಮಾರೋನು," ಅಂದಳು ಆದಿಲಕ್ಷ್ಮಿ.

ಕದಿರೇಶ ಜೋರಾಗಿ ನಕ್ಕ. ಅಕ್ಕ ತಮಾಷೆ ಮಾಡುತ್ತಿದ್ದಾಳೆಂದೇ ಅವನು ತಿಳಿದದ್ದು. ಅವಳು ಸಾರಿನ ಪಾತ್ರೆ ಕೆಳಗಿಟ್ಟು, ಎದ್ದು, ಅವನ ಬಲಗಡೆಗೆ ಬಂದು ಕೂತಳು.

"ನಗಬೇಡ ಕಣೋ, ಕೇಳು," ಎಂದು, ಬಾವಿಕಟ್ಟೆಯ ಹತ್ತಿರ ಶಾಮಲಮ್ಮ ಹೇಳಿದ ಮಾತಿನಿಂದ ಶುರುಮಾಡಿದಳು.